ಹಿಮದ ಜಲಪಾತಕ್ಕೆ ಲೀಡರ್ ಚಂದ್ರಮೋಹನ್

ತಪ್ಪೆಲ್ಲ ಗ್ರೈಂಡರಿನ ಮುಚ್ಚಳದ್ದು. ಅದು ಅಷ್ಟು ಸಪಾಟಾಗಿ ಇರದಿದ್ದರೆ ಚಂದ್ರಮೋಹನ್ ತನ್ನ ಸ್ಮಾರ್ಟ್ ವಾಚ್ ಬಿಚ್ಚಿ ಅದರ ಮೇಲೆ ಇಡುತ್ತಿರಲಿಲ್ಲ. ಉದ್ದು ರುಬ್ಬುವಷ್ಟು ಹೊತ್ತೂ ಗ್ರೈಂಡರ್ ಗಡಗಡ ನಡುಗಿತು. ವಾಚು ಅದನ್ನೇ ನಡಿಗೆ ಎಂದುಕೊಂಡು ಹೆಜ್ಜೆ ಎಣಿಸುತ್ತಾ ಹೋಯಿತು. ಸಂಜೆಗೆ ಅಮೆರಿಕದ ಲಾಂಗ್ ಬೀಚ್ ಕನ್ನಡಿಗರ ವಾಕಿಂಗ್ ಗ್ರೂಪಿನಲ್ಲಿ ಅವನೇ ಫಸ್ಟ್!

ಸ್ಯಾನ್ ಪೀಡ್ರೊ ಬಂದರಿನ ಆಫೀಸಿನಲ್ಲಿ ಕುರ್ಚಿಯಿಂದ ಕಾಫಿ ಮಶೀನಿಗೆ ನಡೆಯುವುದಷ್ಟೇ ಅವನ ವ್ಯಾಯಾಮ. ನಿಜ ಹೇಳಿಬಿಡಬಹುದಿತ್ತು. ಆದರೆ ಸಿಕ್ಕಾಗಲೆಲ್ಲ ಅವನ ಹೊಟ್ಟೆ ನೋಡಿ “ಎಂತ ಮಾರಾಯ, ಎಷ್ಟನೇ ತಿಂಗಳು?” ಎನ್ನುತ್ತಿದ್ದ ಮಂಗಳೂರಿನ ಮೋನಪ್ಪ ಅಂಕಲ್ ಅವತ್ತು ಗ್ರೂಪಿನಲ್ಲಿ ಕೈಮುಗಿಯುವ ಚಿತ್ರ ಹಾಕಿದ್ದರು. ಆ ಸುಖ ಬಿಡಲು ಚಂದ್ರಮೋಹನನಿಗೆ ಮನಸ್ಸಾಗಲಿಲ್ಲ. ದಿನಾ ರುಬ್ಬತೊಡಗಿದ.

“ಬೆಳಿಗ್ಗೆ ದೋಸೆ, ಸಂಜೆ ಪಡ್ಡು, ರಾತ್ರಿ ಉತ್ತಪ್ಪ. ರೀ, ಒಂದಿನ ಅನ್ನ ತಿನ್ನೋಣ್ವಾ?” ಎಂದು ಹೆಂಡತಿ ವತ್ಸಲಾ ಗೋಳಾಡಿದಳು. ಊರಿನಿಂದ ಬಂದಿದ್ದ ಅತ್ತೆ ಮಾತ್ರ, ಅಳಿಯನಿಗೆ ದೋಸೆಯೆಂದರೆ ಪ್ರಾಣ ಎಂದುಕೊಂಡು ತಾವೂ ಬೇಳೆ ನೆನೆಹಾಕಿದರು.

ಅಷ್ಟರಲ್ಲಿ ಗ್ರೂಪಿನವರಿಗೆ ಹುಮ್ಮಸ್ಸು ಬಂತು. ಬೆಟ್ಟದ ನ್ಯಾಷನಲ್ ಪಾರ್ಕಿನಲ್ಲಿ ಹಿಮನದಿ ಕರಗಿ ಧುಮುಕುವ ಜಲಪಾತವಿದೆಯಂತೆ, ಎಲ್ಲರೂ ಹತ್ತಿ ನೋಡಬೇಕು, ಲೀಡರ್ ಚಂದ್ರಮೋಹನ್.

“ನಿಜ ಹೇಳಿಬಿಡ್ರೀ,” ಎಂದಳು ವತ್ಸಲಾ.

“ಹೇಳಿ, ಆಮೇಲೆ ಕನ್ನಡ ಸಂಘದಲ್ಲಿ ಮುಖ ಎಲ್ಲಿಟ್ಕೊಳ್ಳಲಿ? ಮೋನಪ್ಪ ಅಂಕಲ್ ನನ್ನ ಸಾಯೋವರೆಗೂ ಬಿಡಲ್ಲ ಕಣೇ!”

ಹೀಗೆ ಆ ಶನಿವಾರ ಬೆಳಿಗ್ಗೆ ಎಲ್ಲರೂ ಬೆಟ್ಟದ ಬುಡದಲ್ಲಿದ್ದರು. ಹಿಂದಿನ ದಿನವೇ ಬಂದು ಅಲ್ಲಿಯ ಲಾಡ್ಜಿನಲ್ಲಿ ಉಳಿದಿದ್ದರು. ಚಂದ್ರಮೋಹನ್ ಕೈ ನೋಡಿಕೊಂಡರೆ ವಾಚಿಲ್ಲ, ಮನೆಯಲ್ಲೇ ಮರೆತು ಬಂದಿದ್ದ. ಒಳ್ಳೆಯದೇ ಆಯಿತು ಎಂದುಕೊಂಡು ಅಂಗಿಯ ತೋಳು ಕೆಳಗೆಳೆದುಕೊಂಡ.

ಮೊದಲ ಏರಿಗೇ ಉಸಿರು ಕುಕ್ಕರಿನ ಸೀಟಿಯಂತೆ ಹೊರಬಂತು. ಶೂ ಲೇಸ್ ಕಟ್ಟಲು ನಿಂತ. ಎಲ್ಲರೂ ನಿಂತರು. ಹೂವಿನ ಫೋಟೋ ತೆಗೆದ. ಎಲ್ಲರೂ ತೆಗೆದರು. ಇನ್ನೊಂದು ತಿರುವಿನಲ್ಲಿ ಬಂಡೆಯ ಮೇಲೆ ಕೂತು, “ಪ್ರಕೃತಿನ ಸ್ವಲ್ಪ ಮೌನವಾಗಿ ಆಸ್ವಾದಿಸೋಣ,” ಎಂದ. ಮೋನಪ್ಪ ಅಂಕಲ್ ಆಗಲೇ ಕಣ್ಣು ಮುಚ್ಚಿ ಆಸ್ವಾದಿಸುತ್ತಿದ್ದರು. ಬೇಗ ನಡೀರಿ ಎಂದು ಯಾರೂ ಅನ್ನಲಿಲ್ಲ. ಇದೇನಿದು ಎಂದು ಅವನಿಗೆ ಹೊಳೆಯಲೇ ಇಲ್ಲ, ದೇವರು ದೊಡ್ಡವನು ಎಂದಷ್ಟೇ ಹೊಳೆಯಿತು.

ಚಡಪಡಿಸಿದವನು ಒಬ್ಬನೇ, ಯೂನಿವರ್ಸಿಟಿಯಲ್ಲಿ ಎಂಎಸ್ ಓದುವ ಕಾರ್ತಿಕೇಯ. ಎಲ್ಲರ ವಾಚಿನ ಹೆಜ್ಜೆಗಳ ಲೆಕ್ಕವನ್ನು ಫೋನಿನಲ್ಲಿ ನೋಡಿಕೊಳ್ಳುವವನೂ ಅವನೇ, ಅದರಲ್ಲಿ ಸದಾ ಕೊನೆಗೆ ಬರುವವನೂ ಅವನೇ.

“ಅಂಕಲ್, ನಾನು ಮುಂದೆ ಹೋಗ್ಲಾ?”

“ಹೋಗಪ್ಪ. ಲಾಸ್ಟ್ ಬರೋನು ನೀನು, ನಿನಗೆ ಪ್ರಾಕ್ಟೀಸ್ ಬೇಕು.”

ಕಾರ್ತಿಕೇಯ ಮೇಕೆಯ ಹಾಗೆ ಹತ್ತಿ ಮಾಯವಾದ. ಅವನ ಹಿಂದೆಯೇ ಕೋಲೂರಿಕೊಂಡು ಒಬ್ಬ ಅಮೆರಿಕನ್ ಅಜ್ಜಿ, “ಇನ್ನೇನು ಬಂದೇಬಿಡ್ತು!” ಎಂದು ಇಂಗ್ಲಿಷಿನಲ್ಲಿ ಹುರಿದುಂಬಿಸಿ ದಾಟಿ ಹೋದಳು. ಜಲಪಾತ ನೋಡಿಕೊಂಡು ಇಳಿದು ಬರುವಾಗಲೂ ಇವರು ಅದೇ ಬಂಡೆಯ ಮೇಲಿದ್ದರು. ಅಜ್ಜಿ ಈ ಸಲ ಆಕಾಶ ನೋಡುತ್ತಾ ದಾಟಿ ಹೋದಳು.

ಊಟದ ಡಬ್ಬಿಗಳು ತೆರೆದವು. ಮೋನಪ್ಪ ಅಂಕಲ್ ಮನೆಯದು ನೀರುದೋಸೆ. ಗ್ರೂಪಿನ ಇನ್ನೊಬ್ಬ ಸದಸ್ಯ ಓಂಪ್ರಕಾಶ್ ಮನೆಯದು ಇಡ್ಲಿ. ವತ್ಸಲಾಳದು ಪಡ್ಡು. ಇಷ್ಟು ಜನರಲ್ಲಿ ಒಬ್ಬರಾದರೂ ಚಿತ್ರಾನ್ನ ತರಬಾರದೇ ಎಂದು ಚಂದ್ರಮೋಹನ್ ಒಳಗೊಳಗೇ ರೇಗಿಕೊಂಡ.

ಕಾರ್ತಿಕೇಯ ತಲೆಯೆಲ್ಲ ಒದ್ದೆ ಮಾಡಿಕೊಂಡು ಕುಣಿಯುತ್ತಾ ಇಳಿದು ಬಂದ. “ಸಖತ್ತಾಗಿದೆ ಅಂಕಲ್! ನೀರು ಎಷ್ಟು ಕೋಲ್ಡ್ ಗೊತ್ತಾ...” ಫೋನು ಟಿಂಗ್ ಎಂದಿತು. ನೋಡಿದವನೇ ಹುಬ್ಬು ಗಂಟಿಕ್ಕಿದ. “ಅಂಕಲ್, ನೀವು ಇಲ್ಲೇ ಕೂತಿದ್ದೀರಿ. ನಿಮ್ಮ ಹೆಜ್ಜೆ ಮಾತ್ರ ಏರ್ತಾನೇ ಇದೆ! ವಾಚ್ ಎಲ್ಲಿ?”

ಎಲ್ಲರ ಕಣ್ಣೂ ಊಟಕ್ಕೆಂದು ತೋಳೇರಿಸಿದ್ದ ಚಂದ್ರಮೋಹನನ ಖಾಲಿ ಮಣಿಕಟ್ಟಿನ ಮೇಲೆ ಬಿದ್ದವು.

“ಅಯ್ಯೋ, ಗ್ರೈಂಡರ್ ಮೇಲೇ ಬಿಟ್ಟು ಬಂದ್ರಾ?” ವತ್ಸಲಾ ಹಣೆ ಚಚ್ಚಿಕೊಂಡಳು. “ಮನೇಲಿ ಅಮ್ಮ ರುಬ್ಬೋಕೆ ಹಾಕಿರ್ತಾರೆ!”

ಚಂದ್ರಮೋಹನನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿ ಎಲ್ಲ ಹೇಳಿಬಿಟ್ಟ. ಉದ್ದು, ಮುಚ್ಚಳ, ಗಡಗಡ, ಏನೂ ಬಿಡಲಿಲ್ಲ.

ಯಾರೂ ನಗಲಿಲ್ಲ. ಮೋನಪ್ಪ ಅಂಕಲ್ ಕೆಮ್ಮಿದರು. “ನಿಮ್ಮದು ಎಷ್ಟು ಲೀಟರಿನದ್ದು ಮಾರಾಯ?”

“ಎರಡು.”

“ಹಾಗೆ ಹೇಳು! ನಮ್ಮದು ಒಂದೂವರೆಯದ್ದು. ಎಷ್ಟು ರುಬ್ಬಿದರೂ ಸೆಕೆಂಡೇ ಬರ್ತದೆ ಅಂತ ತಲೆ ಕೆಡಿಸಿಕೊಂಡಿದ್ದೆ!”

“ನಮ್ದು ಹಳೇದು, ಬೇಗ ಬಿಸಿ ಆಗುತ್ತೆ,” ಎಂದು ಓಂಪ್ರಕಾಶ್ ಇಡ್ಲಿಯನ್ನೇ ನೋಡುತ್ತಾ ಗೊಣಗಿದ.

ಕಾರ್ತಿಕೇಯ ಬಾಯಿ ತೆರೆದುಕೊಂಡು ಒಬ್ಬೊಬ್ಬರನ್ನೇ ನೋಡಿದ. “ನಮ್ಮ ರೂಮಲ್ಲಿ ಗ್ರೈಂಡರೇ ಇಲ್ಲ,” ಎಂದ.

ಸದ್ಯ, ಮಾನ ಉಳಿಯಿತು ಎಂದು ಚಂದ್ರಮೋಹನ್ ನಿಟ್ಟುಸಿರು ಬಿಟ್ಟ. ಮೋನಪ್ಪ ಅಂಕಲ್ ಹೆಂಡತಿ ಪುಷ್ಪಾವತಿ ಆಂಟಿ ಸಂಘದ ಊಟೋಪಚಾರದ ಮುಖ್ಯಸ್ಥೆ. ಅವರು ಅಷ್ಟು ಹೊತ್ತೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

“ಒಳ್ಳೇದೇ ಆಯ್ತು. ದೀಪಾವಳಿಗೆ ಇನ್ನೂರು ಜನಕ್ಕೆ ದೋಸೆ ಹಿಟ್ಟು ಯಾರು ರುಬ್ಬುದು ಅಂತ ಚಿಂತೆ ಆಗಿತ್ತು ನನಗೆ. ಚಾಂಪಿಯನ್ ಇರುವಾಗ ಬೇರೆಯವರನ್ನು ಎಂತಕ್ಕೆ ಹುಡುಕುದು?”

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮೋನಪ್ಪ ಅಂಕಲ್.

ಚಂದ್ರಮೋಹನ್ ಬಂಡೆಯಿಂದ ಏಳಲು ಹೋದರೆ ಮೊಣಕಾಲು ಕಟಕ್ಕೆಂದಿತು. ಕಾರ್ತಿಕೇಯನ ಫೋನು ಮತ್ತೆ ಟಿಂಗ್ ಎಂದಿತು.

“ಕಂಗ್ರಾಟ್ಸ್ ಅಂಕಲ್. ಹೊಸ ರೆಕಾರ್ಡು.”

ಮನೆಯಲ್ಲಿ ಅತ್ತೆ ಉದ್ದು ಮುಗಿಸಿ ಅಕ್ಕಿ ಹಾಕಿದ್ದರು.