ಅದೀರೇನ್ರಿ?

ಆ ದಿನ ಒಳಗಿನಿಂದ ಯಾರಾದರೂ ಉತ್ತರ ಕೊಟ್ಟರೋ ಇಲ್ಲವೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಧಾರವಾಡದಲ್ಲಿ ತರ್ಕಶಾಸ್ತ್ರ ಓದಿದವನು ನಾನು. ದೆವ್ವಕ್ಕಿಂತ ಮೊದಲು ನನ್ನ ಕಿವಿಯನ್ನೇ ಅನುಮಾನಿಸುತ್ತೇನೆ. ಆದರೆ ನಮ್ಮ ಕಾಕಾನಷ್ಟು ಸಭ್ಯ ಮನುಷ್ಯ ಜಿಲ್ಲೆಯಲ್ಲೇ ಇರಲಿಲ್ಲ ಎಂಬುದು ಖಾತ್ರಿ. ಸಭ್ಯತೆಯೂ ಒಂದು ಕಾಯಿಲೆಯಾಗಬಹುದೆ? ಯಾವ ಬಾಗಿಲಿರಲಿ, "ಅದೀರೇನ್ರಿ?" ಎಂದು ಕೂಗಿ, ಯಾರಾದರೂ "ಬರ್ರಿ" ಅನ್ನುವತನಕ ಒಳಗೆ ಕಾಲಿಡುತ್ತಿರಲಿಲ್ಲ. ಜೊಯಿಡಾದಲ್ಲಿ ಖಾಲಿ ಬಸ್ಸಿನ ಬಾಗಿಲಲ್ಲೂ ಹಾಗೇ ಕೂಗಿ ನಿಂತ. ಡ್ರೈವರ್ ಚಹಾ ಮುಗಿಸಿ ಬಂದು ಕರೆಯುವಷ್ಟರಲ್ಲಿ ಸೀಟೆಲ್ಲ ತುಂಬಿದ್ದವು!

ಕಾಕಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳಿಗೆ ಮುಂಡಗೋಡದ ಹುಡುಗ ಗೊತ್ತಾದ. ದಾಂಡೇಲಿಯಲ್ಲಿ ಆಗಷ್ಟೇ ಶುರುವಾಗಿದ್ದ ಕಾಗದದ ಗಿರಣಿಯಲ್ಲಿ ನೌಕರಿ. ನಿಶ್ಚಯಕ್ಕೆ ಕಾಕಾ ಬಾಡಿಗೆಗೆ ಹಿಡಿದದ್ದು ಹಳಿಯಾಳದ ಒಂದು ಹಳೇ ವಾಡೆ, ಹಿಂದಿನ ಸಿರಿವಂತರ ದೊಡ್ಡ ಮನೆ. ಅದಾಗಲೇ ಮ್ಯೂಸಿಯಂ ಆಗಿತ್ತು: ಸತ್ತವರ ಪಗಡಿ, ಸತ್ತವರ ತೊಟ್ಟಿಲು, ಯಾರೂ ಕೂಡಬಾರದ ತೂಗುಮಂಚ.

"ಇಲ್ಲಿ ಕಾರ್ಯ ಯಾರ ಮಾಡ್ತಾರ್ರೀ?" ಎಂದ ಬಾಡಿಗೆ ಬರೆದುಕೊಳ್ಳುವ ಗುಮಾಸ್ತ.

"ಮನಿ ಅಂದಮ್ಯಾಲೆ ಒಮ್ಮೆರ ಮಂದಿ ಉಣ್ಣಬೇಕಲ್ರೀ," ಎಂದ ಕಾಕಾ.

ಬೀಗರು ಬಂದರು. ಕಾವಲುಗಾರ ಬಾಗಿಲು ತೆರೆದು ನಮ್ಮ ಪಕ್ಕ ನಿಂತ. ಒಳಗೆ ನರಪಿಳ್ಳೆಯಿಲ್ಲ. ಕಾಕಾ ಹೊಸ್ತಿಲ ಮುಂದೆ ನಿಂತು ಕೂಗಿದ: "ಅದೀರೇನ್ರಿ?"

ಉರಿಬಿಸಿಲು. ಉತ್ತರವಿಲ್ಲ.

"ಒಳಗ ಯಾರೂ ಇಲ್ಲ, ನಡಿ ಕಾಕಾ," ಎಂದು ಪಿಸುಗುಟ್ಟಿದೆ.

"ನಿನಗೇನ ಗೊತ್ತೋ? ನಿಂದ್ರು."

ವರನ ಸೋದರಮಾವನಿಗೆ ಸಿಟ್ಟು ಬಂತು. "ಕರದು ಬಾಗಲದಾಗ ನಿಂದರಸೂದು ನಿಮ್ಮ ಕಡೆ ಪದ್ಧತಿ ಏನ್ರೀ? ಹಂಗಿದ್ರ ನಾವು ಬಂದ ದಾರೀಲೆ ಹೊಂಡ್ತೇವಿ."

ನಮ್ಮ ಹಿಂದೆ ನಿಂತಿದ್ದ ಮಗಳು ಅಪ್ಪನ ಅಂಗಿ ಹಿಡಿದು ಜಗ್ಗಿದಳು. ಕಾಕಾ ಮತ್ತೆ ಕೂಗಿದ.

ತೂಗುಮಂಚದ ಸರಪಳಿ ಕಿರ್ ಎಂದಿತು. ಆಮೇಲೆ ಒಂದು ಹೆಣ್ಣುದನಿ: "ಬರ್ರಿ."

ಗಾಳಿಯೆ? ಗಾಳಿಗೆ ಮಾತು ಬರುತ್ತದೆಯೆ? ಹಿತ್ತಲಲ್ಲಿದ್ದ ಅಡುಗೆಯವರೆಲ್ಲ ಗಂಡಸರು. ನನ್ನ ಕಿವಿಯೇ ಮೋಸ ಮಾಡಿತು ಅನ್ನೋಣವೆಂದರೆ, ವರನ ತಾಯಿ ಸೆರಗು ಸರಿಪಡಿಸಿಕೊಂಡು, "ಹಿರೇರು ಯಾರೋ ಒಳಗ ಅದಾರ ಅನ್ರಿ. ದನಿ ಭಾಳ ಛಂದ ಐತಿ," ಎಂದು ಹೊಸ್ತಿಲು ದಾಟಿದರು. ಬೀಗರೆಲ್ಲ ಹಿಂಬಾಲಿಸಿದರು. ನಿಶ್ಚಯವಾಯಿತು.

ಎಲ್ಲರೂ ಉಂಡು ಹೋದ ಮೇಲೆ ಕಾಕಾ ಕೊನೆಗೆ ಹೊರಬಂದ. ಖಾಲಿ ತೂಗುಮಂಚದ ಕಡೆ ತಿರುಗಿ, "ಬರ್ತೇನಿ," ಎಂದ. ಬಸ್ಸಿಗೂ 'ರೀ' ಹಚ್ಚುತ್ತಿದ್ದ ಮನುಷ್ಯ ಇಲ್ಲಿ ಹಚ್ಚಲಿಲ್ಲ.

ಆ ದನಿ ಯಾರದೆಂದು ನಾನು ಸಾಧಿಸಿ ತೋರಿಸಲಾರೆ. ಕಾಕಿಯ ಅಕ್ಕನನ್ನು ಕೇಳಿ ಒಂದನ್ನು ಮಾತ್ರ ಖಚಿತ ಮಾಡಿಕೊಂಡಿದ್ದೇನೆ. ಕಾಕಿ ಬೆಳೆದದ್ದು ಅದೇ ವಾಡೆಯಲ್ಲಿ, ಅಡುಗೆಯಾಕೆಯ ಮಗಳಾಗಿ. ಕಾಕಾ ಕನ್ಯೆ ನೋಡಲು ಬಂದು ಹೊಸ್ತಿಲಲ್ಲಿ ಕೂಗಿದಾಗ ಹಿರಿಯರು ಯಾರೂ ಮನೆಯಲ್ಲಿರಲಿಲ್ಲ. ಒಳಗಿನಿಂದ "ಬರ್ರಿ" ಎಂದವಳು ಅವಳೇ.