ಜಾಲಿ ಬಾಯ್ಸ್‌ನ ಹೊಸ ಹಾಡು

ರಾದ್ಧಾಂತಕ್ಕೆಲ್ಲ ಮೂಲ ಗುಲಾಬಿ ಬಣ್ಣದ ಒಂದು ಕರಪತ್ರ. ಭಾನುವಾರ ಬೆಳಿಗ್ಗೆ ಹಾಲಸ್ವಾಮಿ ಮುಖಕ್ಕೆ ಸೋಪು ಬಳಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಎದುರು ಮನೆಯ ಹೊಂಬಾಳಮ್ಮ ಅದನ್ನು ಹಿಡಿದುಕೊಂಡು ಸೀದಾ ನಡುಮನೆಗೇ ಬಂದರು.

“ಹಾಲಸ್ವಾಮಿ, ನಿನ್ ಹೆಸ್ರು ಅಚ್ಚಾಗೈತೆ ಕಣಪ್ಪ! ಬಸ್ ಸ್ಟ್ಯಾಂಡಲ್ಲಿ ಇದ್ರಲ್ಲೇ ಕಳ್ಳೇಕಾಯಿ ಕಟ್ಟಿ ಕೊಡ್ತಿದ್ರು, ನಾನೇ ಕಿತ್ಕೊಂಡು ಬಂದೆ.”

ಹಾಲಸ್ವಾಮಿ ಒಂದು ಕೈಯಲ್ಲಿ ಕ್ಷೌರದ ಕತ್ತಿ, ಇನ್ನೊಂದು ಕೈಯಲ್ಲಿ ಕರಪತ್ರ ಹಿಡಿದು ಓದಿದ. ‘ಹದಿನೇಳು ವರ್ಷಗಳ ನಂತರ ಮತ್ತೆ! ತಿಪಟೂರು ಜಾಲಿ ಬಾಯ್ಸ್! ಅದೇ ಹುಡುಗರು, ಹಾಲಸ್ವಾಮಿ, ದುರ್ಗಯ್ಯ, ತೋಂಟದಾರ್ಯ! ಅದೇ ಉಡುಪು! ಅದೇ ಹಾಡುಗಳು! ಇಂದು ಸಂಜೆ ನಾಲ್ಕಕ್ಕೆ ತುರುವೇಕೆರೆ ಹೈಸ್ಕೂಲು ಮೈದಾನದಲ್ಲಿ. ಹೊಸ ಹಾಡು ಇರುವುದಿಲ್ಲ, ಸಾರ್ವಜನಿಕರು ಧೈರ್ಯವಾಗಿ ಬರಬಹುದು.’

ಕೊನೆಯ ಸಾಲಿಗೆ ಬರುವ ಹೊತ್ತಿಗೆ ಕತ್ತಿ ಜಾರಿ ಗಲ್ಲದ ಮೇಲೆ ರಕ್ತ ಬಂತು.

ಅವನ ಸಂಕಟ ಗಾಯದ್ದಲ್ಲ, ತಿಂಗಳ ಹಿಂದೆಯೇ ಒಪ್ಪಿಕೊಂಡಿದ್ದ ಕಾರ್ಯಕ್ರಮದ್ದೂ ಅಲ್ಲ. ಹಾಲಸ್ವಾಮಿಯ ಹತ್ತಿರ ಒಂದು ಹೊಸ ಹಾಡಿತ್ತು. ಅರವತ್ತೇಳನೇ ಇಸವಿಯಿಂದ ಅರವತ್ತೊಂಬತ್ತರವರೆಗೆ ಎರಡು ವರ್ಷ ಜಾಲಿ ಬಾಯ್ಸ್ ಈ ಸೀಮೆಯ ಸ್ಕೂಲ್ ಡೇಗಳನ್ನೂ ಮದುವೆ ಮನೆಗಳನ್ನೂ ಅಲ್ಲಾಡಿಸಿತ್ತು. ಹಾಲಸ್ವಾಮಿ ಗಿಟಾರು, ದುರ್ಗಯ್ಯ ಡ್ರಮ್ಮು, ತೋಂಟದಾರ್ಯ ಹಾಡುಗಾರ. ಆಮೇಲೆ ಮೂವರಿಗೂ ಮದುವೆಯಾಯಿತು. ಗಿಟಾರು ಅಟ್ಟ ಸೇರಿತು, ಹಾಲಸ್ವಾಮಿ ಕೊಬ್ಬರಿ ಮಂಡಿ ಸೇರಿದ. ಅಲ್ಲಿ ಅವನ ಕೆಲಸ, ವರ್ಷಗಟ್ಟಲೆ ಅಟ್ಟದಲ್ಲಿ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ಒಣ ಕೊಬ್ಬರಿಯ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಡಕ್ ಲೊಡಕ್ ಎಂದರೆ ಆ ಕಡೆ, ಇಲ್ಲದಿದ್ದರೆ ಈ ಕಡೆ.

ಹೋದ ವರ್ಷ ಹೀಗೆ ಅಲ್ಲಾಡಿಸುತ್ತಿರುವಾಗ ಇದ್ದಕ್ಕಿದ್ದಂತೆ ಒಂದು ರಾಗ ಬಂತು. ಹದಿನಾರು ವರ್ಷ ಬಾರದೆ ಇದ್ದದ್ದು ಮಂಡಿಯ ಧೂಳಿನಲ್ಲಿ, ಕೆಮ್ಮಿನ ನಡುವೆ ಬಂತು. ಹಾಲಸ್ವಾಮಿ ಗಿಟಾರನ್ನು ಗೋದಾಮಿಗೆ ಒಯ್ದು, ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ವರ್ಷವಿಡೀ ತಿದ್ದಿದ. ಮನೆಯಲ್ಲಿ ನುಡಿಸಿದರೆ ಹೊಂಬಾಳಮ್ಮ ಇಡೀ ಬೀದಿಗೆ ವರದಿ ಒಪ್ಪಿಸುತ್ತಾರೆಂದು ಭಯ. ಹೆಂಡತಿ ಮೀನಾಕ್ಷಮ್ಮನಿಗೂ ಕೇಳಿಸಿರಲಿಲ್ಲ. “ಒಂದು ಹೊಸ ಹಾಡು ಕಟ್ಟಿದೀನಿ ಕಣೇ, ಸ್ಟೇಜ್ ಮೇಲೇ ಕೇಳುವಂತೆ” ಎಂದಷ್ಟೇ ಹೇಳಿದ್ದ. ನಲವತ್ತೆರಡರ ಈ ಹಾಲಸ್ವಾಮಿಯನ್ನು ಜನ ಒಂದೇ ಒಂದು ಸಲ ಕೇಳಬೇಕು, ಇಪ್ಪತ್ತಮೂರರವನನ್ನಲ್ಲ. ಅವನಿಗೆ ಬೇಕಾಗಿದ್ದದ್ದು ಇಷ್ಟೇ, ಅದು ಬಹಳ ಬೇಕಾಗಿತ್ತು.

“ಉಡುಪು ಅದೇ ಅಂತ ಬರ್ದವ್ರೆ,” ಎಂದು ಹೊಂಬಾಳಮ್ಮ ನೆನಪಿಸಿದರು. ಕೆಂಪು ಸ್ಯಾಟಿನ್ ಶರಟು ಟ್ರಂಕಿನಿಂದ ಹೊರಗೆ ಬಂತು. ಹಾಲಸ್ವಾಮಿ ಉಸಿರು ಬಿಗಿಹಿಡಿದ, ಮೀನಾಕ್ಷಮ್ಮ ಎರಡೂ ಕಡೆಯಿಂದ ಎಳೆದಳು. ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳು ಉಳಿಯಿತು. ಕೊನೆಗೆ ಎರಡು ಪಕ್ಕೆಗಳನ್ನೂ ಸೀಳಿ, ಹೊಂಬಾಳಮ್ಮನ ಹಸಿರು ರವಿಕೆ ಕಣವನ್ನು ಪಟ್ಟಿಯಾಗಿ ಹಚ್ಚಿ ಹೊಲಿದರು.

“ಕೈ ಎತ್ತಬೇಡ, ಯಾರ್ಗೂ ಗೊತ್ತಾಗಲ್ಲ,” ಎಂದರು ಹೊಂಬಾಳಮ್ಮ.

ಗಿಟಾರು ನುಡಿಸುವವನು ಕೈ ಎತ್ತದೆ ಹೇಗಿರುತ್ತಾನೆಂದು ಕೇಳಲು ಹಾಲಸ್ವಾಮಿಗೆ ಪುರಸೊತ್ತಿರಲಿಲ್ಲ. ಹೆಂಗಸರಿಬ್ಬರೂ ಮಧ್ಯಾಹ್ನದ ಬಸ್ಸಿಗೆ ಬರುವುದೆಂದಾಯಿತು. ಅವನು ದುರ್ಗಯ್ಯನ ಮನೆಗೆ ಓಡಿದ.

ದುರ್ಗಯ್ಯ ಈಗ ಟೆಂಪೋ ಡ್ರೈವರು. ಕೆಂಪು ಶರಟು ಹಾಕಿಕೊಂಡು ಜಗಲಿಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

“ಡ್ರಮ್ ಎಲ್ಲಿ?”

“ಒಳಗೈತೆ. ನೀನೇ ಹೋಗಿ ನೋಡು.”

ಒಳಗೆ ಮೂಲೆಯಲ್ಲಿ ದೊಡ್ಡ ಡ್ರಮ್ಮು ಚರ್ಮ ಹರಿದು ಬಾಯಿ ತೆರೆದುಕೊಂಡು ಕೂತಿತ್ತು. ಅದರೊಳಗೆ ಒಣಹುಲ್ಲು, ಹುಲ್ಲಿನ ಮೇಲೆ ಒಂದು ಹೇಂಟೆ. ಹೇಂಟೆ ಹಾಲಸ್ವಾಮಿಯನ್ನು ಕೊಬ್ಬರಿ ಸಾಹುಕಾರನ ಗತ್ತಿನಲ್ಲಿ ನೋಡಿತು. ಪಕ್ಕದಲ್ಲಿ ದುರ್ಗಯ್ಯನ ತಾಯಿ ಭೈರಮ್ಮ ಪೊರಕೆ ಹಿಡಿದು ಕಾವಲಿದ್ದಳು.

“ಹದಿಮೂರು ಮೊಟ್ಟೆ ಇಟ್ಟಿವ್ನಿ. ಇನ್ನ ನಾಕು ದಿನಕ್ಕೆ ಮರಿ ಆಯ್ತವೆ. ಯಾರಾನಾ ಮುಟ್ಟಿದ್ರೆ ನೋಡು!”

“ಅಮ್ಮ, ಚರ್ಮ ಹೊಸ್ದು ಹಾಕ್ಸಿ ಸಂಜೆಗೆ ವಾಪಸ್ ತತ್ತೀವಿ,” ಎಂದ ಹಾಲಸ್ವಾಮಿ.

“ಸಂಜೆವರ್ಗೂ ನೀನು ಬಂದು ಕಾವಿಗೆ ಕೂತ್ಕತೀಯಾ?”

ಹಾಲಸ್ವಾಮಿ ಹೊಸ್ತಿಲಿಗೆ ಹಿಂದೆ ಸರಿದ. ಆದರೆ ಭೈರಮ್ಮನ ಮನಸ್ಸು ಕೆಟ್ಟದ್ದಲ್ಲ. ಸ್ವಲ್ಪ ಹೊತ್ತಿಗೆ ಏಣಿ ಹತ್ತಿ ಅಟ್ಟದಿಂದ ಎರಡು ಒಣಗಿದ ಕಾಯಿ ಇಳಿಸಿ, “ಸದ್ದು ತಾನೆ ಬೇಕು? ತಗಂಡೋಗು. ವರ್ಸದ ಕಾಯಿ, ಚೆನ್ನಾಗಿ ಆಡ್ತವೆ,” ಎಂದಳು. ಹಾಲಸ್ವಾಮಿ ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಹೊಸ ಹಾಡು ಹುಟ್ಟಿದ ಸದ್ದೇ ಅದು.

“ನಾನು ಡ್ರಮ್ಮರ್ ಕಣ್ಲಾ, ಮಂಡಿ ಆಳಲ್ಲ,” ಎಂದು ದುರ್ಗಯ್ಯ ಮುನಿಸಿಕೊಂಡ. ಆದರೂ ಕಾಯಿ ತೆಗೆದುಕೊಂಡು ಟೆಂಪೋ ಹೊರಡಿಸಿದ.

ಹಾಲ್ಕುರಿಕೆಯಲ್ಲಿ ತೋಂಟದಾರ್ಯ ಸ್ಕೂಲಿನ ಹೆಡ್‌ಮಾಸ್ಟರು. ಹಣೆಯ ಮೇಲೆ ವಿಭೂತಿ, ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು. ಒಂದು ಕಾಲದಲ್ಲಿ ಇವನು ಹಾಡುತ್ತಾ ಮಂಡಿಯೂರಿ ಹಿಂದಕ್ಕೆ ಬಾಗಿದರೆ ಹುಡುಗರು ಸಿಳ್ಳೆ ಹಾಕಿ ಸಾಯುತ್ತಿದ್ದರು.

“ಶರಟು ಕೋಟಿನ ಒಳಗೈತೆ. ಗುಂಡಿ ಬಿಚ್ಚಲ್ಲ, ಸೊಂಟ ಅಲ್ಲಾಡ್ಸಲ್ಲ,” ಎಂದು ಕರಾರು ಹಾಕಿಯೇ ಹತ್ತಿದ.

ಮೂವರೂ ಮುಂದಿನ ಸೀಟಿನಲ್ಲಿ ಕಿಕ್ಕಿರಿದು ಕೂತರು. ಹಾಲಸ್ವಾಮಿ ಹೊಸ ಹಾಡಿನ ವಿಷಯ ತೆಗೆದ.

“ಬ್ಯಾಡ ಕಣೋ,” ಎಂದ ತೋಂಟದಾರ್ಯ. “ಜನ ನಮ್ಮನ್ನ ನೋಡೋಕೆ ಬರಲ್ಲ. ಅವರವರ ಇಪ್ಪತ್ತನೇ ವಯಸ್ಸು ನೋಡೋಕೆ ಬತ್ತಾರೆ. ನಾವು ಬರೀ ಫೋಟೋ.”

“ಫೋಟೋಕ್ಕೆ ಮೊಣಕಾಲು ನೋಯುತ್ತೇನೋ? ನಂಗೆ ನೋಯ್ತದೆ. ಅಂದ್ಮೇಲೆ ನಾನು ಇನ್ನೂ ಇದೀನಿ ತಾನೆ? ಹಳೇದನ್ನೇ ಮತ್ತೆ ಮತ್ತೆ ಬಾರ್ಸೋದಾದ್ರೆ ನಾವ್ಯಾಕೆ, ರೇಡಿಯೋ ಸಾಕು.”

“ರೇಡಿಯೋಗೆ ಹೊಟ್ಟೆ ಬಂದಿರಲ್ಲ ಕಣ್ಲಾ,” ಎಂದ ದುರ್ಗಯ್ಯ.

ಹಾಲಸ್ವಾಮಿ ಹಾಡಿಯೇಬಿಟ್ಟ. ‘ಅಟ್ಟದ ಕತ್ತಲಲಿ ಒಣಗುತ ಕುಳಿತೆನು, ಮರೆತೆಯಾ ನೀನು? ಒಮ್ಮೆ ಅಲುಗಿಸಿ ನೋಡು, ಒಳಗೆ ಸದ್ದಿದೆ ಇನ್ನೂ.’ ಧ್ವನಿ ಒಡೆದಿತ್ತು. ಟೆಂಪೋ ತಾನೇ ನಿಧಾನವಾಯಿತು. ತೋಂಟದಾರ್ಯ ಜೇಬಿನಿಂದ ಪೆನ್ನು ತೆಗೆದ.

“ಇನ್ನೊಂದ್ಸಲ ಹೇಳು, ಬರ್ಕೊತೀನಿ,” ಎಂದ.

ತುರುವೇಕೆರೆ ಮುಟ್ಟುವುದರೊಳಗೆ ಅವನು ಹಾಡನ್ನು ಆರು ಸಲ ತಪ್ಪಿ, ಏಳನೆಯ ಸಲ ಸರಿಯಾಗಿ ಹಾಡಿದ.

ಮೈದಾನ ತುಂಬಿತ್ತು. ಕಾರ್ಯಕ್ರಮ ಏರ್ಪಡಿಸಿದ್ದ ಕರಿಬಸವಯ್ಯನವರು ವೇದಿಕೆಯ ಮೆಟ್ಟಿಲಲ್ಲೇ ಹಾಲಸ್ವಾಮಿಯ ತೋಳು ಹಿಡಿದುಕೊಂಡರು. “ನೋಡ್ರಿ, ರೈಲು ಹಾಡು ಮೊದ್ಲು, ರೈಲು ಹಾಡು ಕೊನೇಗೆ. ನಡುವೆ ಟೈಮಿದ್ರೆ ಅದೂ ರೈಲೇ. ಹೊಸ್ದು ಗಿಸ್ದು ಅಂದ್ರೆ ಮೈಕು ಬಂದ್ ಮಾಡಿಸ್ತೀನಿ.”

ರೈಲು ಹಾಡೆಂದರೆ ಹತ್ತೊಂಬತ್ತು ವರ್ಷದ ಹಿಂದೆ ಮೂವರೂ ಸೇರಿ ಕಟ್ಟಿದ್ದ ಕುಣಿತದ ಹಾಡು. ಅದರಲ್ಲಿ ಅರಸೀಕೆರೆಗೆ ಹೊರಟ ರೈಲಿನ ‘ಕೂ’ ಬಿಟ್ಟರೆ ಅರ್ಥವಾಗುವಂಥದ್ದು ಏನೂ ಇರಲಿಲ್ಲ. ಜನಕ್ಕೆ ಅಷ್ಟೇ ಸಾಕಾಗಿತ್ತು. ದುರ್ಗಯ್ಯ ಕಾಯಿ ಮುಟ್ಟದೆ ಸ್ಕೂಲಿನ ಮೇಜನ್ನೇ ಡ್ರಮ್ಮಿನಂತೆ ಬಡಿದ. ಮೊದಲ ಸಲ ಜನ ಕುಣಿದರು. ಎರಡನೆಯ ಸಲ “ಒನ್ಸ್ ಮೋರ್” ಎಂದು ಕೂಗಿದರು. ಮೂರನೆಯ ಸಲ ಹಾಲಸ್ವಾಮಿ ಜೋಶ್‌ನಲ್ಲಿ ಕೈ ಎತ್ತಿದ, ಹಸಿರು ಪಟ್ಟಿ ಪರ್ರೆಂದು ಹರಿಯಿತು. ಜನ ಅದಕ್ಕೂ ಒನ್ಸ್ ಮೋರ್ ಹೇಳಿದರು. ಮುಂದಿನ ಸಾಲಿನಲ್ಲಿ ಹೊಂಬಾಳಮ್ಮ “ಅದು ನನ್ ರವಿಕೆ ಕಣ” ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು. ಮೀನಾಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ನಾಲ್ಕನೆಯ ಸಲ ರೈಲು ಹೊರಡುವ ಮೊದಲೇ ಕರೆಂಟು ಹೋಯಿತು. ಮೈಕು ಸತ್ತಿತು. ಕರಿಬಸವಯ್ಯನವರು ಲೈನ್‌ಮನ್ ಹುಡುಕಲು ಓಡಿದರು. ಜನ ಎದ್ದು ಪಂಚೆ ಕೊಡವಿಕೊಂಡು ಬೋಂಡಾ ಅಂಗಡಿಯ ಕಡೆ ನೋಡತೊಡಗಿದರು.

ಹಾಲಸ್ವಾಮಿ ಇದೇ ಸಮಯವೆಂದುಕೊಂಡ. ತಡೆಯುವವರು ಹತ್ತಿರ ಇರಲಿಲ್ಲ, ಬಂದ್ ಮಾಡಿಸಲು ಮೈಕೂ ಇರಲಿಲ್ಲ. ಮೊದಲು ಹಾಡಿಬಿಡುವುದು, ಚಪ್ಪಾಳೆ ಬಿದ್ದ ಮೇಲೆ ಇದು ಹೊಸದೆಂದು ಹೇಳುವುದು. ದುರ್ಗಯ್ಯನಿಗೆ ಕಣ್ಸನ್ನೆ ಮಾಡಿದ. ದುರ್ಗಯ್ಯ ಎರಡೂ ಕಾಯಿಗಳನ್ನು ಕೈಗೆತ್ತಿಕೊಂಡು ಮೆಲ್ಲಗೆ ಅಲ್ಲಾಡಿಸಿದ.

ಲೊಡಕ್ ಲೊಡಕ್.

ಎದ್ದವರು ನಿಂತರು. ನಿಂತವರು ಕೂತರು. ಹುಟ್ಟಿದಂದಿನಿಂದ ತಮ್ಮ ತಲೆಯ ಮೇಲಿನ ಅಟ್ಟದಲ್ಲಿ ಕೇಳುತ್ತ ಬಂದ ಸದ್ದು ಅದು. ಗಿಟಾರು ಅದರ ಜೊತೆ ಸೇರಿತು. ಹದಿನೇಳು ವರ್ಷ ಮಕ್ಕಳ ಮೇಲೆ ಕೂಗಿ ಪಳಗಿದ ತೋಂಟದಾರ್ಯನ ಗಂಟಲು ಮೈಕಿಲ್ಲದೆ ಕಾಂಪೌಂಡು ಮುಟ್ಟಿತು. ‘ಒಮ್ಮೆ ಅಲುಗಿಸಿ ನೋಡು’ ಎನ್ನುವಾಗ ಕೋಟಿನ ಗುಂಡಿಗಳು ಅದು ಹೇಗೋ ಬಿಚ್ಚಿಕೊಂಡಿದ್ದವು. ಎರಡನೆಯ ಚರಣಕ್ಕೆ ಜನ ಜೊತೆಗೂಡಿ ಗುನುಗತೊಡಗಿದರು. ಬಿಸಿಲು ಇಳಿಯುತ್ತಿತ್ತು. ಹೆಂಗಸರು ಕಣ್ಣೊರೆಸಿಕೊಂಡರು. ಹಾಲಸ್ವಾಮಿ ತನ್ನ ಬಾಳಿನಲ್ಲಿ ಅಷ್ಟು ಸಂತೋಷ ಯಾವತ್ತೂ ಪಟ್ಟಿರಲಿಲ್ಲ. ಕೇಳುತ್ತಿದ್ದಾರೆ, ನನ್ನನ್ನು, ಈಗಿನ ನನ್ನನ್ನು, ಎಂದುಕೊಂಡ.

ಹಾಡು ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. “ಇದು...” ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಜನ ವೇದಿಕೆಗೇ ನುಗ್ಗಿದ್ದರು. ಎಲ್ಲರಿಗಿಂತ ಮೊದಲು ಬಂದು ಅಪ್ಪಿಕೊಂಡವನು ಹೈಸ್ಕೂಲಿನಲ್ಲಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಕೆಂಪಯ್ಯ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

“ಅದೇ ಹಾಡು ಕಣ್ಲಾ! ಅರವತ್ತೆಂಟ್ರಲ್ಲಿ ಇದನ್ನ ಕೇಳೋಕೇ ನಾನು ಟ್ರೈನಿಂಗ್ ಹಾಸ್ಟೆಲ್ ಗೋಡೆ ಹಾರಿ ಬಂದಿದ್ದು. ಒಂದಕ್ಷರ ಮರ್ತಿಲ್ಲ ನೋಡು!”

“ಕೆಂಪಯ್ಯ, ಇದು ಹೋದ್ವರ್ಷ ಕಟ್ಟಿದ್ದು ಕಣೋ.”

“ಬುಡು ಬುಡು. ನಿಂಗೆ ಮರೆವು ಶುರುವಾಗೈತೆ. ಗೋಡೆ ಹಾರಿ ಕಾಲು ಮುರ್ಕೊಂಡೋನು ನಾನು, ನಂಗೆ ಗೊತ್ತಿಲ್ವಾ?” ಎಂದು ಪಂಚೆ ಎತ್ತಿ ಕಾಲಿನ ಗಾಯದ ಗುರುತನ್ನೂ ತೋರಿಸಿದ.

ಇನ್ನೊಬ್ಬರ ಮದುವೆಯ ದಿಬ್ಬಣದಲ್ಲಿ ಇದೇ ಹಾಡು ಬಾರಿಸಿದ್ದರಂತೆ. ಮತ್ತೊಬ್ಬರು ಇದನ್ನು ಹಾಡಿಯೇ ಮಗಳನ್ನು ಮಲಗಿಸುತ್ತಿದ್ದರಂತೆ, ಆ ಮಗಳಿಗೆ ಈಗ ಹದಿನೈದು ವರ್ಷ. ಹಾಲಸ್ವಾಮಿ ಒಬ್ಬೊಬ್ಬರಿಗೂ ಹೊಸದು, ಹೊಸದು ಎಂದ. ಅವರು ಪಾಪ ಎನ್ನುವಂತೆ ಅವನ ಬೆನ್ನು ತಟ್ಟಿ ಬೋಂಡಾ ಕಡೆ ಹೋದರು.

ಕರಿಬಸವಯ್ಯನವರು ಲೈನ್‌ಮನ್ ಸಿಗದೆ ಬೆವರುತ್ತಾ ಬಂದು ಕೈ ಮುಗಿದರು. “ದೂರದಿಂದ್ಲೇ ಕೇಳಿಸ್ಕೊಂಡೆ ಕಣ್ರೀ, ಮೈ ಜುಂ ಅಂತು. ಹೊಸ್ದು ಹಾಡ್ತೀರೇನೋ ಅಂತ ಹೆದ್ರಿದ್ದೆ, ಮಾತು ಉಳಿಸ್ಕೊಂಡ್ರಿ. ಮುಂದಿನ ತಿಂಗ್ಳು ಚಿಕ್ಕನಾಯಕನಹಳ್ಳೀಲೂ ಇಟ್ಕೊಂಡಿದೀವಿ. ರೈಲು ಬ್ಯಾಡ, ಈ ಹಳೇ ಹಾಡೇ ಆಗ್ಲಿ.”

ವಾಪಸ್ ಹೊರಟಾಗ ಹೊಂಬಾಳಮ್ಮ ಮುಂದೆ ಕೂತರು. ಹಾಲಸ್ವಾಮಿ, ಮೀನಾಕ್ಷಮ್ಮ, ತೋಂಟದಾರ್ಯ ಹಿಂದೆ ಖಾಲಿ ಚೀಲಗಳ ಮೇಲೆ ಕೂತರು. ತೋಂಟದಾರ್ಯ ಆಕಾಶ ನೋಡುತ್ತಾ, “ಹಾಲಸ್ವಾಮಿ, ಅದನ್ನ ನಾವು ಮೊದ್ಲು ಹಾಡಿದ್ದು ಅರವತ್ತೇಳೋ ಅರವತ್ತೆಂಟೋ?” ಎಂದ.

“ಇವತ್ತು ಮಧ್ಯಾಹ್ನ ಟೆಂಪೋದಲ್ಲಿ ಬರ್ಕೊಂಡ್ಯಲ್ಲೋ!”

“ಬರ್ಕೊಂಡಿದ್ದು ನಿಜ. ಮರ್ತಿದ್ದೆ, ಅದಕ್ಕೇ ಬರ್ಕೊಂಡೆ,” ಎಂದು ತೋಂಟದಾರ್ಯ ಸಮಾಧಾನವಾಗಿ ಹೇಳಿ, ಹಾಲ್ಕುರಿಕೆಯಲ್ಲಿ ಕೋಟಿನ ಗುಂಡಿ ಹಾಕಿಕೊಂಡು ಇಳಿದುಹೋದ.

ಈಗ ಉಳಿದಿದ್ದವಳು ಮೀನಾಕ್ಷಮ್ಮ ಒಬ್ಬಳೇ. ಅವಳ ತವರು ತುರುವೇಕೆರೆ. ಜಾಲಿ ಬಾಯ್ಸ್‌ನ ಹಾಡುಗಳನ್ನೆಲ್ಲ ಆಗಲೇ ಕೇಳಿದವಳು, ಇವಳಿಗಾದರೂ ಗೊತ್ತಾಗಿರುತ್ತದೆ ಎಂದು ಹಾಲಸ್ವಾಮಿಗೆ ಧೈರ್ಯವಿತ್ತು. ಅವಳು ಅವನ ಹರಿದ ಶರಟಿಗೆ ತನ್ನ ಸೆರಗು ಹೊದಿಸಿದಳು.

“ಕರೆಂಟ್ ಹೋದ್ಮೇಲೆ ಹಾಡಿದ್ರಲ್ಲ, ಕೇಳಿ ನಂಗೆ ಅಳು ಬಂತು ಕಣ್ರೀ. ಆಗ ನೀವು ಸ್ಕೂಲ್ ಡೇಗೆ ಬಂದಿದ್ದಾಗ ಅದೇ ಕಾಂಪೌಂಡ್ ಹತ್ರ ಅಣ್ಣನ ಜೊತೆ ನಿಂತಿದ್ದೆ. ನೀವು ಅದನ್ನೇ ಬಾರಿಸ್ತಿದ್ರಿ. ಮದುವೆ ಆದ್ರೆ ಇವ್ರನ್ನೇ ಅಂತ ಅವತ್ತೇ ಅಂದ್ಕೊಂಡೆ. ಇಷ್ಟ್ ವರ್ಷ ನಿಮಗೆ ಹೇಳೇ ಇರ್ಲಿಲ್ಲ.”

ಹಾಲಸ್ವಾಮಿ ಬಾಯಿ ತೆರೆದ. ಅವತ್ತು ಬಾರಿಸಿದ್ದು ರೈಲು ಹಾಡು. ಈ ಹಾಡಿಗೆ ಈಗಷ್ಟೇ ಒಂದು ವರ್ಷ ತುಂಬಿದೆ. ಹೇಳಿದರೆ ಹಾಡು ಅವನದಾಗುತ್ತಿತ್ತು, ಆದರೆ ಕಾಂಪೌಂಡಿನ ಪಕ್ಕ ನಿಂತ ಆ ಹುಡುಗಿಯ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವಳ ಮುಖ ನೋಡಿದ. ಸೆರಗಿನ ತುದಿಯನ್ನು ಅವಳ ಭುಜಕ್ಕೂ ಎಳೆದ.

“ಹೌದು ಕಣೇ, ಅದೇ ಹಾಡು,” ಎಂದ.

ಮೀನಾಕ್ಷಮ್ಮ ಅವನ ಕೈ ಹಿಡಿದುಕೊಂಡಳು. ಟೆಂಪೋ ತೋಟಗಳ ನಡುವೆ ತಿಪಟೂರಿನ ಕಡೆ ತಿರುಗಿತು.

“ಪಾಪ, ನೀವು ಒಂದು ಹೊಸ ಹಾಡು ಕಟ್ಟಿದೀನಿ ಅಂತಿದ್ರಿ. ಅದನ್ನ ಹಾಡೋಕೆ ಬಿಡ್ಲೇ ಇಲ್ಲ ಜನ,” ಎಂದಳು. “ಬೇಜಾರ್ ಮಾಡ್ಕೋಬೇಡ್ರಿ. ಚಿಕ್ಕನಾಯಕನಹಳ್ಳೀಲಿ ಹಾಡೋರಂತೆ.”