ಮೂರು ಗಂಟೆಯ ಪ್ರಶ್ನೆ

ಮಧ್ಯಾಹ್ನ ಸರಿಯಾಗಿ ಮೂರಕ್ಕೆ ನಕ್ಷೆಗಾರನ ಫೋನು ಹೊಡೆದುಕೊಳ್ಳುತ್ತದೆ ಎಂಬುದು ಆ ನೀರು ಸರಬರಾಜು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾಡುವವರು ಅವನ ಅತ್ತೆ. ಮಾತು ಒಂದೇ.

"ಅಳಿಯಂದಿರೇ, ಮತ್ತೆ ಕೇಳ್ತಾ ಇದೆ. ಏನು ಒತ್ತಲಿ?"

ಕೇಳುತ್ತಿದ್ದುದು ಮನೆಯ ಕಂಪ್ಯೂಟರು. ಅತ್ತೆ ಅಡುಗೆ ಮಾಡುತ್ತಾ ಕೇಳಲಿ ಎಂದು ಮಾವ ಪುಟ್ಟ ರೆಕಾರ್ಡರಿನ ಮುಂದೆ ಪೇಪರ್ ಓದಿಡುತ್ತಿದ್ದರು. ಹೋದ ವರ್ಷ ಮಾವ ತೀರಿಕೊಂಡರು, ಬೆನ್ನಿಗೇ ರೆಕಾರ್ಡರೂ ಕೆಟ್ಟಿತು. ಉಳಿದದ್ದು ಒಳಗಿನ ಮೆಮೊರಿ ಕಾರ್ಡು. ಅದರಲ್ಲಿ ಎರಡು ಭಾಗ. ಒಂದರಲ್ಲಿ ಮಾವನ ದನಿ, ಹಳಸಿದ ಸುದ್ದಿ, ನಡುನಡುವೆ "ನನ್ನ ಕನ್ನಡಕ ಎಲ್ಲೇ?" ಇನ್ನೊಂದು ಭಾಗ ರೆಕಾರ್ಡರ್ ತನಗಾಗಿ ಇಟ್ಟುಕೊಂಡದ್ದು, ಯಾರಿಗೂ ಬೇಡದ್ದು. ಕಂಪ್ಯೂಟರಿಗೆ ಅದನ್ನು ಓದಲು ಬರದು. ಹಾಗಾಗಿ ಅತ್ತೆ ದಿನಾ ಮೂರಕ್ಕೆ ಕಾರ್ಡು ಹಾಕಿದಾಗಲೆಲ್ಲ, ಇದನ್ನು ಫಾರ್ಮ್ಯಾಟ್ ಮಾಡಲೇ, ಅಂದರೆ ಪೂರ್ತಿ ಅಳಿಸಲೇ ಎಂದು ಪೀಡಿಸುತ್ತಿತ್ತು. 'ಬೇಡ' ಒತ್ತಿದರೆ ಮುಗಿಯಿತು. ಅತ್ತೆಯ ಮಗಳು ಆಸ್ಪತ್ರೆಯಲ್ಲಿ ನರ್ಸ್, ಡ್ಯೂಟಿಯಲ್ಲಿ ಫೋನ್ ಎತ್ತುವಂತಿಲ್ಲ. ಜವಾಬ್ದಾರಿ ಅಳಿಯನ ಕೊರಳಿಗೆ ಬಿದ್ದಿತ್ತು.

ಅಂದು ಬೆಳಗ್ಗೆ ಮ್ಯಾನೇಜರ್ ಕಡ್ಡಿ ಮುರಿದ ಹಾಗೆ ಹೇಳಿದರು: "ಇವತ್ತೂ ಮೂರಕ್ಕೆ ಫೋನ್ ಬಂದ್ರೆ ನಿಮ್ಮ ಮೇಜು ಕೆಳಗಡೆ ರೆಕಾರ್ಡ್ ರೂಮಿಗೆ."

ನಕ್ಷೆಗಾರ ಮೂರು ವರ್ಷ ಗೋಗರೆದು ಗಿಟ್ಟಿಸಿದ ಕಿಟಕಿ ಪಕ್ಕದ ಮೇಜು ಅದು. ರೆಕಾರ್ಡ್ ರೂಮಿಗೆ ಕಿಟಕಿಯೇ ಇಲ್ಲ.

ಸಹೋದ್ಯೋಗಿಗಳು ಸಲಹೆ ಕೊಡಲು ತುದಿಗಾಲಲ್ಲಿ ನಿಂತಿದ್ದರು. ಪ್ರಶ್ನೆ ಬರುವ ಜಾಗಕ್ಕೆ ಕಾಗದ ಅಂಟಿಸು ಎಂದಳು ಟೈಪಿಸ್ಟ್. ಸ್ಟೋರ್‌ಕೀಪರ್ ಮಾತ್ರ ಬುದ್ಧಿವಂತ. ಪ್ರತಿ ಭಾಗಕ್ಕೂ ಕಂಪ್ಯೂಟರ್ ಒಂದು ಅಕ್ಷರ ಕೊಟ್ಟಿರುತ್ತದೆ, ಆ ಅಕ್ಷರ ಕಿತ್ತರೆ ಭಾಗ ಮಾಯವಾಗುತ್ತದೆ, ಪ್ರಶ್ನೆಯೂ ಬರುವುದಿಲ್ಲ ಎಂದು ಚೀಟಿಯಲ್ಲಿ ಬರೆದುಕೊಟ್ಟ.

ಎರಡು ತಾಸಿನ ಪರ್ಮಿಷನ್ ಹಾಕಿ ನಕ್ಷೆಗಾರ ಮನೆಗೆ ಓಡಿದ. ಅತ್ತೆ ಸ್ಟೂಲ್ ಎಳೆದುಕೊಂಡು ಹಿಂದೆಯೇ ಕುಳಿತರು. ಗಡಿಬಿಡಿಯಲ್ಲಿ ಅವನು ಬೇಡದ ಭಾಗದ 'ಎಫ್' ಕೀಳುವ ಬದಲು 'ಇ' ಕಿತ್ತ. ಮಾವನ ದನಿಯಿದ್ದ ಭಾಗವೇ ಮಂಗಮಾಯ.

"ಅವರನ್ನೇ ಕಳಿಸಿಬಿಟ್ರಾ?" ಎಂದರು ಅತ್ತೆ, ಮೆಲ್ಲಗೆ.

ನಕ್ಷೆಗಾರ ಸ್ಟೋರ್‌ಕೀಪರಿಗೆ ಫೋನ್ ಮಾಡಿ, ಅವನು ಹೇಳಿದ್ದನ್ನೆಲ್ಲ ಗಟ್ಟಿಯಾಗಿ ತಿರುಗಿ ಹೇಳುತ್ತಾ ಒಂದೊಂದೇ ಒತ್ತಿದ. ಅಕ್ಷರ ಮರಳಿತು, ಮಾವ ಕನ್ನಡಕ ಕೇಳಿದರು. ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನಂತೆ ನೋಡಿ 'ಎಫ್' ಕಿತ್ತ. ಕಾರ್ಡು ತೆಗೆದು ಮತ್ತೆ ಹಾಕಿದರೂ ಕಂಪ್ಯೂಟರ್ ಕಮಕ್ ಕಿಮಕ್ ಎನ್ನಲಿಲ್ಲ. ಇನ್ನು ನಿಮಗೆ ತೊಂದರೆಯಿಲ್ಲ ಎಂದಾಗ ಅತ್ತೆ ತಲೆಯಾಡಿಸಿದರು, ಅಷ್ಟೇ.

ಅವನು ಕಚೇರಿಗೆ ಮರಳುತ್ತಿದ್ದಂತೆ ಮೂರು ಹೊಡೆಯಿತು. ಫೋನು ಸುಮ್ಮನಿತ್ತು. ನಕ್ಷೆಗಾರ ಹಿಗ್ಗಬೇಕಿತ್ತು, ಯಾಕೋ ಪೈಪ್‌ಲೈನಿನ ಗೆರೆ ಎರಡು ಸಲ ಸೊಟ್ಟಗಾಯಿತು. ಅತ್ತೆ ಊಟ ಮಾಡಿದರೋ ಇಲ್ಲವೋ ಎಂಬ ಯೋಚನೆ ಬಂತು. ಮೂರೂ ಇಪ್ಪತ್ತಕ್ಕೆ, ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದಾಗ, ಫೋನು ಹೊಡೆದುಕೊಂಡಿತು.

"ಅಳಿಯಂದಿರೇ, ನೀವು ಹೋದ ಮೇಲೆ ಅದು ಕೇಳೋದೇ ಬಿಟ್ಟುಬಿಡ್ತು. ನಿಮ್ಮ ಮಾವನ್ನ ವಾಪಸ್ ಕರೆಸಿದ್ರಲ್ಲ, ಹಾಗೇ ನಾನೂ ಒಂದೊಂದೇ ಒತ್ತಿ ಅದಕ್ಕೆ 'ಎಫ್' ಕೊಟ್ಟೆ. ಸ್ವಲ್ಪ ತಡ ಆಯ್ತು. ಈಗ ಮತ್ತೆ ಕೇಳ್ತಾ ಇದೆ. ಏನು ಒತ್ತಲಿ?"

ನಕ್ಷೆಗಾರ ಪೆನ್ಸಿಲ್ ಕೆಳಗಿಟ್ಟ. ಇಷ್ಟೆಲ್ಲ ಮಾಡಬಲ್ಲವರಿಗೆ 'ಬೇಡ' ಎಲ್ಲಿದೆಯೆಂದು ಒಂದು ವರ್ಷದಿಂದ ತಿಳಿದಿರಲಿಲ್ಲವೇ? ಅತ್ತೆಯ ಮೇಲೆ ಎಂದೂ ಇಲ್ಲದ ಅಕ್ಕರೆ ಉಕ್ಕಿ ಬಂತು.

"ಈಗಲೇ ಏನೂ ಒತ್ತಬೇಡಿ ಅತ್ತೆ," ಎಂದ. "ಊಟ ಆಯ್ತಾ?"

ಮ್ಯಾನೇಜರ್ ಮೆಟ್ಟಿಲಿನತ್ತ ಬೆರಳು ತೋರಿಸಿದರು. ನಕ್ಷೆಗಾರ ನಕ್ಷೆಯ ಸುರುಳಿಗಳನ್ನು ಕಂಕುಳಿಗೇರಿಸಿ, ಫೋನನ್ನು ಭುಜಕ್ಕೆ ಒತ್ತಿಕೊಂಡು ಹೊರಟ. ರೆಕಾರ್ಡ್ ರೂಮಿನ ಬಾಗಿಲು ತಲುಪುವಷ್ಟರಲ್ಲಿ ಅತ್ತೆಯ ಮಾತು ಊಟ ದಾಟಿ ಮೊಣಕಾಲು ನೋವಿಗೆ ಬಂದಿತ್ತು.